ಬಂಗಡೆ ಚೆನ್ನಾಗಿ ಕುದಿಸಿದರೂ ತುರಿಕೆ ಏಕೆ?

ಪ್ರಶ್ನೆ: ಬಂಗಡೆ ಸಾರು ಉಂಡ ಅರ್ಧ ಗಂಟೆಯೊಳಗೆ ಮನೆಯ ನಾಲ್ವರಿಗೂ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬಂತು. ಮೀನು ವಾಸನೆ ಹೊಡೆಯುತ್ತಿರಲಿಲ್ಲ, ಚೆನ್ನಾಗಿ ಬೆಂದೂ ಇತ್ತು. ಇದಕ್ಕೆ ಕಾನೂನಿನಲ್ಲಿ ಮಿತಿ ಏನಾದರೂ ಇದೆಯೇ?
– ಓದುಗರು, ಕಾರವಾರ

ಉತ್ತರ: ನಾಲ್ವರಿಗೂ ಒಟ್ಟಿಗೇ ಆಗಿರುವುದರಿಂದ ಅಲರ್ಜಿಗಿಂತ ಹಿಸ್ಟಮೀನ್ (ಅಲರ್ಜಿಯಂಥ ಲಕ್ಷಣ ತರುವ ರಾಸಾಯನಿಕ) ವಿಷಬಾಧೆಯ ಸಂಶಯವೇ ಹೆಚ್ಚು. ಬಂಗಡೆ, ತಾರ್ಲೆ, ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸಹಜವಾಗಿಯೇ ಜಾಸ್ತಿ. ಮೀನು ಬಿಸಿಲಲ್ಲಿ ಬಿದ್ದಿದ್ದರೆ ಕಿವಿರು, ಕರುಳಿನ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಆದದ್ದು ಕುದಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ ಹೋಗದು. ಕಣ್ಣು ಹೊಳಪಾಗಿದೆ, ಕಿವಿರು ಕೆಂಪಗಿದೆ ಎಂದು ನಂಬುವಂತಿಲ್ಲ, ಪ್ರಯೋಗಾಲಯವೇ ಹೇಳಬೇಕು.

ಹಿಸ್ಟಮೀನ್‌ಗೆ ಮಿತಿ ಖಂಡಿತ ಇದೆ. ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲೂ ಯುರೋಪ್ ಒಕ್ಕೂಟದ ನಿಯಮಗಳಲ್ಲೂ ಒಂದು ಲಾಟಿನಿಂದ (ಒಟ್ಟಿಗೆ ಬಂದ ಒಂದೇ ಸರಕಿನಿಂದ) 9 ಮಾದರಿ ತೆಗೆಯಬೇಕು. ಅವುಗಳಲ್ಲಿ ಎರಡಕ್ಕಿಂತ ಹೆಚ್ಚು ಮಾದರಿ ಕಿಲೋಗೆ 100 ಮಿಲಿಗ್ರಾಂ ದಾಟಬಾರದು, ಯಾವ ಒಂದೂ 200 ಮೀರಬಾರದು. ಹೊರದೇಶಕ್ಕೆ ಹೋಗುವ ಮೀನಿಗೆ ಈ ಪರೀಕ್ಷೆ ನಡೆಯುವುದು ವಾಡಿಕೆ. ಊರಿನ ಬುಟ್ಟಿಯ ಮೀನಿಗೂ ಅದೇ ಜಾಗ್ರತೆ ಸಿಗಬೇಕು.

ತಡೆಯಲು ದಾರಿ ಒಂದೇ: ಬಲೆಯಿಂದ ತೆಗೆದ ಕೂಡಲೇ ಐಸು. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿಮಾಡಿದ ಐಸು ಬೇಕು. ಕೆಳಗೆ, ನಡುವೆ, ಮೇಲೆ ಪದರ ಪದರವಾಗಿ. ಮೇಲೆ ಒಂದು ಹಿಡಿ ಉದುರಿಸಿದರೆ ಅಡಿಯ ಮೀನು ಬಿಸಿಯಾಗಿಯೇ ಉಳಿಯುತ್ತದೆ. ಕರಗಿದ ನೀರು ಹರಿಯಲು ಪೆಟ್ಟಿಗೆಗೆ ತೂತಿರಲಿ. ಐಸನ್ನು ಕುಡಿಯುವ ನೀರಿನಿಂದಲೇ ಮಾಡಿರಬೇಕು. ಮನೆಗೆ ತಂದೊಡನೆ ಕರುಳು, ಕಿವಿರು ತೆಗೆದು ತೊಳೆದು, 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೀನು ನಾವೇ ಪರೀಕ್ಷೆಗೆ ಕೊಡಬಹುದೇ?

ಉತ್ತರ: ಕೊಡಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಕೊಳ್ಳುವವರಿಗೇ ಆ ಹಕ್ಕು ಕೊಟ್ಟಿದೆ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸು. ಆದರೆ ಬಹಳ ಜನ ಎಡವುವುದು ಇಲ್ಲೇ: ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು. ತಿಳಿಸದೆ ತಂದು ಉಂಡಾಗಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಡಿ. ಉಳಿದ ಹಸಿ ತುಂಡನ್ನು ಫ್ರೀಜರಿನಲ್ಲಿಡಿ. ಅಧಿಕಾರಿ ಮಾದರಿ ತೆಗೆದರೆ ನಾಲ್ಕು ಭಾಗ ಮಾಡುತ್ತಾರೆ: ಒಂದು ವಿಶ್ಲೇಷಕರಿಗೆ, ಎರಡು ನಿಯೋಜಿತ ಅಧಿಕಾರಿಗೆ (ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತವರು), ಇನ್ನೊಂದು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ವಿಶ್ಲೇಷಕರ ವರದಿಗೆ 14 ದಿನದ ಗಡುವು.