ಬಳ್ಳಾರಿ ಬಿಸಿಲಿಗೆ ದಪ್ಪ ಆಯಿಲ್ ಬೇಕಾ?

ಪ್ರಶ್ನೆ: ನನ್ನದು 2020ರ ಪೆಟ್ರೋಲ್ ಕಾರು. 48 ಸಾವಿರ ಕಿ.ಮೀ. ಓಡಿದೆ. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯು-20 ಆಯಿಲ್ ಅಂತ ಇದೆ, ಶೋರೂಮ್‌ನವರೂ ಅದನ್ನೇ ಹಾಕುತ್ತಿದ್ದರು. ವಾರಂಟಿ ಮುಗಿಯಿತು ಅಂತ ಈ ಸಲ ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರ ಹೋದೆ. "ಇದು ನೀರಿದ್ದಂಗ ಐತ್ರಿ, ನಮ್ಮ ಬಿಸಿಲಿಗೆ ತಡಿಯಂಗಿಲ್ಲ. 20ಡಬ್ಲ್ಯು-50 ಹಾಕ್ಸ್ರಿ, ಸೌಂಡೂ ಕಮ್ಮಿ ಆಕ್ಕತಿ" ಅಂದರು. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಕಂಪನಿಯವರು ಮೈಲೇಜ್ ತೋರಿಸಲಿಕ್ಕೆ ತೆಳು ಆಯಿಲ್ ಹೇಳುತ್ತಾರೆ ಅಂತಲೂ ಕೇಳಿದ್ದೇನೆ. ಯಾರ ಮಾತು ಕೇಳಲಿ?
– ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಮ್ಯಾನ್ಯುಯಲ್ ಮಾತು ಕೇಳಿ. 20ಡಬ್ಲ್ಯು-50 ಬೇಡ. ಆದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಹುಚ್ಚು ಮಾತೂ ಅಲ್ಲ. ಹಳೇ ಜೀಪು, ಅಂಬಾಸಿಡರ್ ಬಿಚ್ಚಿ ಕೈ ಪಳಗಿದವರಿಗೆ ದಪ್ಪ ಆಯಿಲ್ ಅಂದರೇನೇ ನಂಬಿಕೆ. ಆ ಇಂಜಿನ್‌ಗಳಲ್ಲಿ ಬಿಡಿಭಾಗಗಳ ನಡುವಿನ ಸಂದು ದೊಡ್ಡದು, ತೆಳು ಆಯಿಲ್ ನಿಲ್ಲುತ್ತಿರಲಿಲ್ಲ. ನಾನೂ ಮೊದಮೊದಲು ಗ್ಯಾರೇಜಿನಲ್ಲಿ ಬಂದವರಿಗೆಲ್ಲ ಇದೇ ಉಪದೇಶ ಮಾಡುತ್ತಿದ್ದೆ.

ಸಂಜೆ ಮಿರ್ಚಿ ಬಂಡಿ ಮುಂದೆ ನಿಂತಾಗ ಬಾಣಲೆ ನೋಡಿ. ಡಿಸೆಂಬರ್ ಇರಲಿ, ಮೇ ಇರಲಿ, ಮಿರ್ಚಿ ಬೇಯಬೇಕಾದರೆ ಎಣ್ಣೆ ಅಷ್ಟೇ ಕಾಯಬೇಕು. ಹೊರಗಿನ ಬಿಸಿಲು ಅಲ್ಲಿ ಲೆಕ್ಕಕ್ಕಿಲ್ಲ. ಇಂಜಿನ್ ಒಳಗೂ ಹಾಗೇ. ಕೂಲಂಟ್ 90 ಡಿಗ್ರಿ ಆಸುಪಾಸಿನಲ್ಲಿ ಇರುವಂತೆ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಬಿಸಿಯಾದ ಮೇಲೆ ಆಯಿಲ್ ಸುಮಾರು 90ರಿಂದ 110 ಡಿಗ್ರಿಯಲ್ಲಿ ಓಡಾಡುತ್ತದೆ. ಊಟಿಯಲ್ಲೂ ಅಷ್ಟೇ, ಬಳ್ಳಾರಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಡಬ್ಬದ ಮೇಲಿನ ಎರಡನೇ ನಂಬರ್, ಅಂದರೆ ನಿಮ್ಮ 20, ಅಳೆಯುವುದು 100 ಡಿಗ್ರಿಯಲ್ಲಿ. ಹೊರಗಿನ 42 ಡಿಗ್ರಿಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಮೊದಲನೇ ನಂಬರ್ ಚಳಿಯದ್ದು. ಡಬ್ಲ್ಯು ಅಂದರೆ ವಿಂಟರ್. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ, 20ಡಬ್ಲ್ಯುವನ್ನು ಮೈನಸ್ 15ರಲ್ಲಿ ಇಂಜಿನ್ ತಿರುಗಿಸಲು ಬಿಡುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ನಮಗೆ ಮೈನಸ್ ಎಲ್ಲಿಂದ ಬರಬೇಕು ಅಂತ ನೀವು ನಗಬಹುದು. ಆದರೆ ಇಲ್ಲೊಂದು ಮಜಾ ಇದೆ.

0ಡಬ್ಲ್ಯು-20 ಆಯಿಲ್‌ನ ಗಟ್ಟಿತನ 100 ಡಿಗ್ರಿಯಲ್ಲಿ ಸುಮಾರು 8 ಸೆಂಟಿಸ್ಟೋಕ್ (ಆಯಿಲ್ ದಪ್ಪ ಅಳೆಯುವ ಮಾನ, ಅಂಕಿ ಏರಿದಷ್ಟೂ ದಪ್ಪ). 40 ಡಿಗ್ರಿಯಲ್ಲಿ ಅದೇ ಆಯಿಲ್ 40ಕ್ಕೂ ಜಾಸ್ತಿ. ಅಂದರೆ ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ನಿಮ್ಮ ಕಾರನ್ನು ಸ್ಟಾರ್ಟ್ ಮಾಡಿದಾಗಲೂ ಆಯಿಲ್ ತನ್ನ ಕೆಲಸದ ಹದಕ್ಕಿಂತ ಐದು ಪಟ್ಟು ದಪ್ಪ ಇರುತ್ತದೆ. ಇನ್ನು 20ಡಬ್ಲ್ಯು-50 ಅದೇ 40 ಡಿಗ್ರಿಯಲ್ಲಿ 150 ದಾಟುತ್ತದೆ. ನಮ್ಮ ಊರಲ್ಲೂ ಸ್ಟಾರ್ಟ್ ಮಾಡುವಾಗಿನ ತೊಂದರೆ ಆಯಿಲ್ ತೆಳ್ಳಗಾಗಿದೆ ಅನ್ನುವುದಲ್ಲ, ಇನ್ನೂ ತೆಳ್ಳಗಾಗಿಲ್ಲ ಅನ್ನುವುದು. ಈಗಿನ ಇಂಜಿನ್‌ಗಳಲ್ಲಿ ಸಂದು ಕಿರಿದು, ವಾಲ್ವ್ ಟೈಮಿಂಗ್ ಬದಲಿಸುವ ಭಾಗಕ್ಕೆ ಆಯಿಲ್ ಹೋಗುವ ದಾರಿಯೂ ಸಣ್ಣದು. ಅಲ್ಲಿಗೆ ಆಯಿಲ್ ತಡವಾಗಿ ಮುಟ್ಟಿದರೆ ಸವೆತ ಶುರು. ಸೌಂಡ್ ಕಡಿಮೆ ಆಗುವುದು ನಿಜ. ದಪ್ಪ ಆಯಿಲ್ ಸೌಂಡ್ ನುಂಗುತ್ತದೆ. ಸೌಂಡ್ ನಿಂತಿತು ಅಂದರೆ ಸವೆತ ನಿಂತಿತು ಅಂತ ಅಲ್ಲ.

ಮೈಲೇಜ್ ವಿಷಯದಲ್ಲಿ ನೀವು ಕೇಳಿದ್ದು ಅರ್ಧ ಸತ್ಯ. 2017-18ರಿಂದ ನಮ್ಮ ದೇಶದಲ್ಲೂ ಕಂಪನಿಗಳಿಗೆ ಇಂಧನ ಉಳಿತಾಯದ ಲೆಕ್ಕ ಒಪ್ಪಿಸುವ ನಿಯಮ ಬಂದಿದೆ. ತೆಳು ಆಯಿಲ್ ಅದಕ್ಕೆ ನೆರವಾಗುತ್ತದೆ. ಹಾಗಂತ ಸುಮ್ನೆ ಆಯಿಲ್ ಮಾತ್ರ ಬದಲಿಸಿಲ್ಲ. ಪಂಪು, ಬೇರಿಂಗು, ಪಿಸ್ಟನ್ ರಿಂಗು ಎಲ್ಲವನ್ನೂ ಅದಕ್ಕೆ ಹೊಂದುವಂತೆ ಮಾಡಿದ್ದಾರೆ. ಆದರೂ ಒಂದು ಮಾತು ಒಪ್ಪುತ್ತೇನೆ. ಐದು ಜನ, ತುಂಬಿದ ಡಿಕ್ಕಿ, ಫುಲ್ ಎಸಿ, ಹೈವೇಯಲ್ಲಿ ಗಂಟೆಗಟ್ಟಲೆ ನೂರರ ಮೇಲೆ ಓಡಿಸಿದರೆ ಆಯಿಲ್ 120 ಡಿಗ್ರಿಯವರೆಗೂ ಏರಬಹುದು. ಕೆಲವು ಕಂಪನಿಗಳ ಮ್ಯಾನ್ಯುಯಲ್‌ನಲ್ಲಿ ಇಂಥ ಬಳಕೆಗೆ 5ಡಬ್ಲ್ಯು-30 ಕೂಡ ನಡೆಯುತ್ತದೆ ಅಂತ ಪಟ್ಟಿ ಇರುತ್ತದೆ. ನಿಮ್ಮದರಲ್ಲಿ ಇದ್ದರೆ, ನಿಮ್ಮ ಓಡಾಟವೂ ಹಾಗೇ ಇದ್ದರೆ, ಧಾರಾಳವಾಗಿ ಹಾಕಿಸಿ. ಒಂದು ಮೆಟ್ಟಿಲು ಮೇಲೆ ಹೋಗುವುದು ಬೇರೆ, ಮಹಡಿಗೇ ಹಾರುವುದು ಬೇರೆ ಅಲ್ವಾ?

ನಮ್ಮ ಕಡೆ ಇಂಜಿನ್ ತಿನ್ನುವುದು ಬಿಸಿಲಿಗಿಂತ ಧೂಳು. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಒಮ್ಮೆ ಹೋಗಿ ಬಂದರೆ ಬಿಳಿ ಕಾರು ಕೆಂಪಾಗಿರುತ್ತದೆ. ಆ ಪುಡಿ ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರ್ ಗೋಡೆಗೆ ಮರಳುಕಾಗದ ತಿಕ್ಕಿದಂತೆ. ಯಾವ ಗ್ರೇಡಿನ ಆಯಿಲೂ ಅದನ್ನು ತಡೆಯುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯ ಬಳಕೆಗೆ 10 ಸಾವಿರ ಕಿ.ಮೀ. ಅಥವಾ ಒಂದು ವರ್ಷ ಅಂತ ಇದ್ದರೆ, ಧೂಳಿನ ರಸ್ತೆಗೆ ಅಂತ ಬೇರೆ ಲೆಕ್ಕವೂ ಇರುತ್ತದೆ. ಯಾರೂ ಆ ಪುಟ ತೆರೆಯುವುದಿಲ್ಲ. ಹೆಚ್ಚಾಗಿ ಅದು ಅರ್ಧಕ್ಕರ್ಧ ಇರುತ್ತದೆ. ದಪ್ಪ ಆಯಿಲ್‌ಗೆ ಕೊಡುವ ಗಮನವನ್ನು ಅಲ್ಲಿಗೆ ಕೊಡಿ. ಏರ್ ಫಿಲ್ಟರ್ ತೆಗೆದು ನೋಡುತ್ತಿರಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಹತ್ತಿರದಿಂದ ಜೋರಾಗಿ ಬಿಡಿಸಬೇಡಿ. ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ಪ್ರಶ್ನೆ: 2009ರ ಪೆಟ್ರೋಲ್ ಕಾರು, 1.7 ಲಕ್ಷ ಕಿ.ಮೀ. ಆಗಿದೆ. 5ಡಬ್ಲ್ಯು-30 ಹಾಕುತ್ತೇನೆ. ಎರಡು ಸಾವಿರ ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಇದಕ್ಕಾದರೂ ದಪ್ಪ ಆಯಿಲ್ ಹಾಕಬಹುದಾ?
– ಓದುಗರು, ಸಿಂಧನೂರು

ಉತ್ತರ: ಇದಕ್ಕೆ ಹಾಕಬಹುದು. ಆದರೆ ಒಂದೇ ಮೆಟ್ಟಿಲು. 5ಡಬ್ಲ್ಯು-40 ಅಥವಾ 10ಡಬ್ಲ್ಯು-40 ಸಾಕು. ಆಯಿಲ್ ಕುಡಿಯುವುದು ಸ್ವಲ್ಪ ಕಡಿಮೆ ಆಗಬಹುದು. ಕಾಯಿಲೆ ಮಾತ್ರ ಹಾಗೇ ಇರುತ್ತದೆ. ಬೆಳಿಗ್ಗೆ ಒಂದು ಸಲ ಬುಸ್ ಅಂತ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿರುವ ಸಂಭವ ಹೆಚ್ಚು. ರಾತ್ರಿಯೆಲ್ಲ ಆಯಿಲ್ ಅಲ್ಲಿಂದ ತೊಟ್ಟಿಕ್ಕಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬಂದರೆ ರಿಂಗ್ ಮೇಲೆ ಅನುಮಾನ. ಇಂಜಿನ್ ಬಿಚ್ಚಿಸುವ ಮೊದಲು ಪಿಸಿವಿ ವಾಲ್ವ್, ಅಂದರೆ ಇಂಜಿನ್ ಒಳಗಿನ ಹಬೆ ಹೊರಬಿಡುವ ವಾಲ್ವ್, ನೋಡಿಸಿ. ಸಣ್ಣ ಪಾರ್ಟು, ಕಡಿಮೆ ಖರ್ಚು. ಅದು ಕಟ್ಟಿಕೊಂಡರೂ ಇಂಜಿನ್ ಆಯಿಲ್ ಎಳೆಯುತ್ತದೆ. ಎಷ್ಟೋ ಜನ ಅದನ್ನು ಮರೆತು ನೇರ ಸಿಲಿಂಡರ್ ಬೋರ್ ಮಾಡಿಸಲು ಹೋಗುತ್ತಾರೆ.

ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಸಮತಟ್ಟು ಜಾಗ, ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು. ಹಳೇ ಇಂಜಿನ್‌ಗಳು ದಪ್ಪ ತೆಳುವಿನಿಂದ ಕೆಟ್ಟದ್ದಕ್ಕಿಂತ ಆಯಿಲ್ ಖಾಲಿಯಾಗಿ ಸೀಜ್ ಆಗಿದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ.

ಪ್ರಶ್ನೆ: ನನ್ನದು ಬಿಎಸ್-6 ಡೀಸೆಲ್ ಕಾರು. ಮಾವನ ಹಳೇ ಲಾರಿಗೆ ತಂದ 15ಡಬ್ಲ್ಯು-40 ಬ್ಯಾರಲ್ ಮನೆಯಲ್ಲೇ ಇದೆ. ಅದನ್ನೇ ಹಾಕಿದರೆ ದುಡ್ಡು ಉಳಿಯುತ್ತದೆ ಅಲ್ವಾ? ಇನ್ನೊಂದು, ದಿನಾ ಆರು ಕಿ.ಮೀ. ಮಾತ್ರ ಓಡಿಸುತ್ತೇನೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆ ಆಗುವ ಬದಲು ಏರಿದಂತೆ ಕಾಣುತ್ತಿದೆ.
– ಓದುಗರು, ಗಂಗಾವತಿ

ಉತ್ತರ: ಬ್ಯಾರಲ್ ಲಾರಿಗೇ ಇರಲಿ. ನಿಮ್ಮ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಇಂಥ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್. ಡಬ್ಬದ ಹಿಂದೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ದರ್ಜೆ ಸಿ2, ಸಿ3 ಅಂತ ಬರೆದಿರುತ್ತದೆ. ನಿಮ್ಮ ಮ್ಯಾನ್ಯುಯಲ್ ಯಾವುದು ಕೇಳುತ್ತದೋ ಅದನ್ನೇ ಹುಡುಕಿ. ಗ್ರೇಡ್ ಸರಿ ಇದ್ದು ಇದು ತಪ್ಪಿದರೂ ತಪ್ಪೇ.

ಆಯಿಲ್ ಏರಿದ್ದನ್ನು ಗಮನಿಸಿದ್ದು ಒಳ್ಳೆಯದಾಯಿತು. ಫಿಲ್ಟರ್ ತನ್ನ ಮಸಿ ಸುಡಲು ಹೆಚ್ಚು ಡೀಸೆಲ್ ಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಆಫೀಸ್ ಬಂತು, ಕೀ ತಿರುಗಿಸಿದಿರಿ. ಹೀಗೆ ಮತ್ತೆ ಮತ್ತೆ ಆದರೆ ಸುಡದ ಡೀಸೆಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಇಳಿಯುತ್ತದೆ. ಬಿಸಿಲಿಗೆ ತೆಳ್ಳಗಾಗದ ಆಯಿಲ್ ಇದರಿಂದ ನಿಜವಾಗಿ ತೆಳ್ಳಗಾಗುತ್ತದೆ. ಗುರುತಿನ ಮೇಲಿನ ಗೆರೆ ದಾಟಿದ್ದರೆ ಕಿ.ಮೀ. ಲೆಕ್ಕ ನೋಡದೆ ಈ ವಾರವೇ ಬದಲಿಸಿ. ಆಮೇಲೆ ವಾರಕ್ಕೊಮ್ಮೆ ಕೊಪ್ಪಳದ ಕಡೆ ಹೈವೇಯಲ್ಲಿ ಇಪ್ಪತ್ತು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಖಾಲಿಯಾದ ಆಯಿಲ್ ಡಬ್ಬಕ್ಕೆ ಒಂದು ತೂತು ಹೊಡೆದು ಬಿಸಾಕಿ. ಅದು ಇನ್ನೊಬ್ಬರ ಕೈಯಲ್ಲಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ನಿಮ್ಮ ಅಂಗಡಿಗೇ ಬರುವುದು ಬೇಡ.