ಕಟ್ ಪೀಸ್ ಕಬ್ಬಿಣ: ಅಂಗಡಿಗೆ ಹೋಗುವ ಮುಂಚೆ

ವೆಲ್ಡಿಂಗ್ ಬಗ್ಗೆ ಬರೆಯುವ ಓದುಗರು ಈ ಸಲ ವೆಲ್ಡಿಂಗ್ ಬಿಟ್ಟು ಕಬ್ಬಿಣ ಕೊಳ್ಳುವ ಬಗ್ಗೆಯೇ ಜಾಸ್ತಿ ಕೇಳಿದ್ದಾರೆ. ಒಳ್ಳೆಯದೇ. ಮಾಲು ಸರಿ ಇಲ್ಲದಿದ್ದರೆ ಕೈ ಎಷ್ಟು ಪಳಗಿದ್ದರೂ ಅಷ್ಟೇ.

ಪ್ರಶ್ನೆ: ಮನೆಯಲ್ಲೇ ಸಣ್ಣ ವೆಲ್ಡಿಂಗ್ ಮಷಿನ್ ಇದೆ. ಸ್ಟ್ಯಾಂಡು, ಶೆಲ್ಫು, ವರ್ಕ್ ಬೆಂಚು ಅಂತ ಏನಾದರೂ ಮಾಡ್ತಾ ಇರ್ತೀನಿ. ಪೂರ್ತಿ ಉದ್ದದ ಪೈಪು ತಂದರೆ ಅರ್ಧ ಉಳಿದುಬಿಡುತ್ತೆ. ಸ್ಟೀಲ್ ವ್ಯಾಪಾರಿಗಳ ಹತ್ತಿರ ಉಳಿದ ತುಂಡುಗಳು ಸಿಗುತ್ತವಂತೆ. ನಮ್ಮಂಥವರಿಗೆ ಕೊಡ್ತಾರಾ? ಹೇಗೆ ಕೇಳೋದು?

ಉತ್ತರ: ಧಾರಾಳವಾಗಿ ಕೇಳಿ. ಪೈಪು, ಆಂಗಲ್, ಪಟ್ಟಿ ಎಲ್ಲ ಸಾಮಾನ್ಯವಾಗಿ 6 ಮೀಟರ್ ಉದ್ದದಲ್ಲಿ ಬರುತ್ತವೆ. ಯಾರೋ 4.2 ಮೀಟರ್ ಕತ್ತರಿಸಿಕೊಂಡು ಹೋದರೆ 1.8 ಮೀಟರ್ ಅಲ್ಲೇ ಉಳಿಯುತ್ತದೆ. ಅದನ್ನು ದೊಡ್ಡ ಗಿರಾಕಿ ಕೇಳುವುದಿಲ್ಲ, ಬಿಸಾಡೋಕೆ ವ್ಯಾಪಾರಿಗೆ ಮನಸ್ಸು ಬರುವುದಿಲ್ಲ, ಸುಮ್ನೆ ಮೂಲೆಯಲ್ಲಿ ಜಾಗ ತಿನ್ನುತ್ತಾ ಬಿದ್ದಿದ್ದು ಕೊನೆಗೊಂದು ದಿನ ಗುಜರಿಗೆ ಹೋಗುತ್ತದೆ. ಗುಜರಿ ರೇಟಿಗಿಂತ ಸ್ವಲ್ಪ ಜಾಸ್ತಿ ಸಿಕ್ಕರೂ ಅವರಿಗೆ ಲಾಭ, ಹೊಸ ಮಾಲಿನ ರೇಟಿಗಿಂತ ಸ್ವಲ್ಪ ಕಡಿಮೆ ಆದರೂ ನಿಮಗೆ ಲಾಭ. ಚೌಕಾಸಿ ಈ ಎರಡರ ನಡುವೆ ನಡೆಯಲಿ. ಅವರು ಹೊಸ ರೇಟನ್ನೇ ಹೇಳಿದರೂ ಮುಖ ಸಿಂಡರಿಸಬೇಡಿ. ನಿಮಗೆ ಬೇಕಿರುವುದು ಒಂದೂವರೆ ಮೀಟರ್ ಆದರೆ, ಕಿಲೋಗೆ ಅದೇ ರೇಟು ಕೊಟ್ಟರೂ ಪೂರ್ತಿ ಉದ್ದ ಕೊಳ್ಳುವುದಕ್ಕಿಂತ ಖರ್ಚು ಕಡಿಮೆಯೇ ಅಲ್ವಾ?

ಕೇಳುವ ರೀತಿ ಮಾತ್ರ ಮುಖ್ಯ. "ಕಟ್ ಪೀಸ್ ಏನಾದ್ರೂ ಇದೆಯಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. ಯಾಕೆಂದರೆ ಅದಕ್ಕೆ ಉತ್ತರ ಹುಡುಕಲು ಅವರು ಇಡೀ ರಾಶಿ ಕೆದಕಬೇಕು. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: 40 ಮಿ.ಮೀ. ಚೌಕ ಪೈಪು, 2 ಮಿ.ಮೀ. ದಪ್ಪ, 700 ಮಿ.ಮೀ.ಗಿಂತ ಉದ್ದ ಇರುವ ನಾಲ್ಕು ತುಂಡು. ಇಷ್ಟು ನಿಖರವಾಗಿ ಹೇಳಿದರೆ ಅಲ್ಲಿ ಕೆಲಸ ಮಾಡುವವರಿಗೆ ತಕ್ಷಣ ಹೊಳೆಯುತ್ತದೆ, ಎಲ್ಲಿದೆ ಅಂತ. ಅಳತೆಯಲ್ಲಿ ಸ್ವಲ್ಪ ಸಡಿಲ ಬಿಡುವುದೂ ಒಳ್ಳೆಯದು. 40 ಸಿಗದಿದ್ದರೆ 38 ಅಥವಾ 50 ಆದರೂ ನಡೆಯುತ್ತದೆ ಅನ್ನುವಂತೆ ಮೊದಲೇ ಡ್ರಾಯಿಂಗ್ ಮಾಡಿಟ್ಟುಕೊಂಡಿದ್ದರೆ ಬರಿಗೈಲಿ ವಾಪಸ್ ಬರುವ ಪ್ರಸಂಗ ಕಡಿಮೆ. ಲಾರಿಗೆ ಲೋಡ್ ಆಗುತ್ತಿರುವ ಹೊತ್ತಿನಲ್ಲಿ ಹೋಗಬೇಡಿ, ಯಾರಿಗೂ ನಿಮ್ಮ ಕಡೆ ನೋಡಲು ಪುರುಸೊತ್ತಿರುವುದಿಲ್ಲ. ರಾಶಿಯ ಅಡಿಯಿಂದ ನೀವೇ ತುಂಡು ಎಳೆಯಬೇಡಿ, ಮೇಲಿನದ್ದು ಜಾರಿ ಕಾಲಿಗೆ ಬಿದ್ದರೆ ಬೆರಳು ಉಳಿಯುವುದಿಲ್ಲ. ದಪ್ಪ ಕೈಗವಸು, ಗಟ್ಟಿ ಶೂ ಇರಲಿ.

ಇನ್ನೊಂದು ಮಾತು. ಕೆಲವು ಕಡೆ ಒಂದೊಂದು ಸಲ ಕತ್ತರಿಸುವುದಕ್ಕೂ ಬೇರೆ ದುಡ್ಡು ಕೇಳುತ್ತಾರೆ. ಗಾಡಿಯಲ್ಲಿ ಹಿಡಿಸುವಷ್ಟಕ್ಕೆ ಮಾತ್ರ ಅಲ್ಲಿ ಕತ್ತರಿಸಿಕೊಳ್ಳಿ, ಉಳಿದದ್ದು ಮನೆಯಲ್ಲಿ ಗ್ರೈಂಡರಿನಲ್ಲಿ ಆಗುತ್ತದೆ. ಸ್ಟೀಲ್ ವ್ಯಾಪಾರಿಗಳಷ್ಟೇ ಅಲ್ಲದೆ ಗೇಟು, ಗ್ರಿಲ್ ಮಾಡುವವರ ಹತ್ತಿರವೂ ಒಳ್ಳೊಳ್ಳೆ ತುಂಡುಗಳಿರುತ್ತವೆ.

ಪ್ರಶ್ನೆ: ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ತಕ್ಕಡಿ ಸರಿ ಇದೆಯೋ ಇಲ್ಲವೋ ನಮಗೆ ಗೊತ್ತಾಗುವುದು ಹೇಗೆ?

ಉತ್ತರ: ಟೇಪು, ವರ್ನಿಯರ್ (ದಪ್ಪ ಅಳೆಯುವ ಸಾಧನ), ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು, ಎಷ್ಟು ತೂಗಬೇಕು ಅಂತ ನೀವೇ ಲೆಕ್ಕ ಹಾಕಿ ತಕ್ಕಡಿಯ ಜೊತೆ ಹೋಲಿಸಬಹುದು. ಒಂದು ಚದರ ಮೀಟರ್ ಶೀಟು, 1 ಮಿ.ಮೀ. ದಪ್ಪ ಇದ್ದರೆ 7.85 ಕಿಲೋ. ಇದೊಂದು ನೆನಪಿಟ್ಟುಕೊಳ್ಳಿ. 3 ಮಿ.ಮೀ. ಆದರೆ 23.55 ಕಿಲೋ. ಪಟ್ಟಿಗೆ ಅಗಲ, ದಪ್ಪ ಎರಡನ್ನೂ ಮಿ.ಮೀ.ನಲ್ಲಿ ಗುಣಿಸಿ, 0.00785ರಿಂದ ಮತ್ತೆ ಗುಣಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತದೆ. 50ಕ್ಕೆ 6ರ ಪಟ್ಟಿ ಮೀಟರಿಗೆ ಸುಮಾರು 2.36 ಕಿಲೋ. ದುಂಡನೆ ರಾಡಿಗೆ ಇನ್ನೂ ಸುಲಭ: ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 12 ಮಿ.ಮೀ. ರಾಡು ಮೀಟರಿಗೆ 0.89 ಕಿಲೋ.

ಚೌಕ ಪೈಪಿನಲ್ಲಿ ಈ ಲೆಕ್ಕ ತಕ್ಕಡಿಯನ್ನಷ್ಟೇ ಅಲ್ಲ, ದಪ್ಪವನ್ನೂ ಹೇಳಿಬಿಡುತ್ತದೆ. 40ರ ಚೌಕ ಪೈಪು ನಿಜವಾಗಿ 2 ಮಿ.ಮೀ. ಇದ್ದರೆ ಮೀಟರಿಗೆ 2.4 ಕಿಲೋ ಹತ್ತಿರ ತೂಗಬೇಕು. 1.9 ತೂಗಿತು ಅಂದರೆ ಅದು 1.6ರ ಪೈಪು. ಮೂಲೆಗಳು ದುಂಡಗಿರುವುದರಿಂದ ಚೂರು ಕಡಿಮೆ ಬರುವುದು ಸಹಜ, ಆದರೆ ಇಷ್ಟು ಅಂತರ ಮೂಲೆಯಿಂದ ಬರುವುದಿಲ್ಲ. ಕಿಲೋ ಲೆಕ್ಕದಲ್ಲಿ ಕೊಂಡಿದ್ದರೆ ದುಡ್ಡೇನೂ ಹೋಗಿಲ್ಲ, ಬೆಂಚಿನ ಮೇಲೆ ಭಾರ ಇಟ್ಟಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಅಳೆಯುವ ಮುಂಚೆ ತುಕ್ಕು ಕೆರೆದು ನೋಡಿ. ಮೇಲ್ಮೈಯ ಕೆಂಪು ತುಕ್ಕು ಪರವಾಗಿಲ್ಲ, ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಲೇತ್ ವರ್ಕ್‌ಶಾಪಿನಿಂದ ಒಂದಷ್ಟು ರಾಡಿನ ತುಂಡುಗಳನ್ನು ಅಗ್ಗಕ್ಕೆ ತಂದೆ. ಕೆಲವು ಚೆನ್ನಾಗಿ ವೆಲ್ಡ್ ಆಗುತ್ತವೆ, ಕೆಲವು ಆರುವಾಗ ಟಕ್ ಅಂತ ಬಿರುಕು ಬಿಡುತ್ತವೆ. ನೋಡೋಕೆ ಎಲ್ಲ ಒಂದೇ ಥರ ಇವೆ. ನನ್ನ ಕೈ ಸರಿ ಇಲ್ಲವೋ, ಕಬ್ಬಿಣ ಸರಿ ಇಲ್ಲವೋ?

ಉತ್ತರ: ಕಬ್ಬಿಣವೂ ಸರಿಯಾಗೇ ಇದೆ, ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ ಅಷ್ಟೇ. ಸ್ಟೀಲ್ ಅಂಗಡಿಯ ಪೈಪು, ಆಂಗಲ್ ಹೆಚ್ಚಾಗಿ ಮೈಲ್ಡ್ ಸ್ಟೀಲು. ಅದರಲ್ಲಿ ಕಾರ್ಬನ್ ಕಡಿಮೆ, ಹೇಗೆ ವೆಲ್ಡ್ ಮಾಡಿದರೂ ಸಹಿಸಿಕೊಳ್ಳುತ್ತದೆ. ಲೇತ್ ವರ್ಕ್‌ಶಾಪಿನ ಕಥೆ ಬೇರೆ. ಅಲ್ಲಿ ಶಾಫ್ಟಿಗೆ ಇಎನ್ 8 ಅನ್ನುವ ಗ್ರೇಡಿನ ಸ್ಟೀಲು ಬಳಸುತ್ತಾರೆ. ಅದರಲ್ಲಿ ಕಾರ್ಬನ್ ಶೇ. 0.4ರ ಆಸುಪಾಸು. ವೆಲ್ಡ್ ಪಕ್ಕದ ಜಾಗ ಬೇಗ ತಣ್ಣಗಾದಾಗ ಗಡುಸಾಗಿ, ಗಾಜಿನ ಥರ ಒಡೆಯುವ ಗುಣ ಬರುತ್ತದೆ. ಮೊದಲೇ ಬಿಸಿ ಮಾಡಿ, ವೆಲ್ಡ್ ಆದ ಮೇಲೆ ನಿಧಾನ ಆರಿಸಿದರೆ ಆಗುತ್ತದೆ, ಆದರೆ ಒಂದು ಶೆಲ್ಫಿಗೆ ಇಷ್ಟೆಲ್ಲ ಯಾಕೆ? ಅದನ್ನು ಪಿನ್ನು, ಪಂಚು, ಶಾಫ್ಟು ಮಾಡಲು ಎತ್ತಿಡಿ. ಇನ್ನೊಂದು ಜಾತಿ ಇದೆ, ಲೇತಿನಲ್ಲಿ ಸಲೀಸಾಗಿ ಕತ್ತರಿಸಲೆಂದೇ ಗಂಧಕ ಅಥವಾ ಸೀಸ ಬೆರೆಸಿದ್ದು. ಅದನ್ನು ವೆಲ್ಡ್ ಮಾಡಿದರೆ ಹೊಲಿಗೆಯ ನಡುಗೆರೆಯಲ್ಲೇ ಉದ್ದಕ್ಕೆ ಸೀಳುತ್ತದೆ.

ಗುರುತು ಹಿಡಿಯುವುದು ಹೇಗೆ ಅಂದರೆ, ಮೊದಲು ಬಾಯಿಬಿಟ್ಟು ಕೇಳಿ. ತುಂಡು ಕೊಟ್ಟವರಿಗೆ ಯಾವ ಗ್ರೇಡ್ ಅಂತ ಗೊತ್ತಿರುತ್ತದೆ. ಎಷ್ಟೋ ರಾಡುಗಳ ತುದಿಗೆ ಬಣ್ಣ ಬಳಿದಿರುತ್ತಾರೆ, ಅದೇ ಗುರುತು. ಕತ್ತರಿಸುವಾಗ ಆ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಅದೂ ಇಲ್ಲದಿದ್ದರೆ ಗ್ರೈಂಡರಿನ ಕಿಡಿ ನೋಡಿ. ಸ್ವಲ್ಪ ಕತ್ತಲಿರುವ ಜಾಗದಲ್ಲಿ, ಮೈಲ್ಡ್ ಸ್ಟೀಲ್ ಅಂತ ಖಾತ್ರಿ ಇರುವ ಒಂದು ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಒಂದೇ ಒತ್ತಡದಲ್ಲಿ ಉಜ್ಜಿ. ಮೈಲ್ಡ್ ಸ್ಟೀಲಿನ ಕಿಡಿ ಉದ್ದುದ್ದ ಹಳದಿ ಗೆರೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಕಾರ್ಬನ್ ಜಾಸ್ತಿ ಆದಷ್ಟೂ ಗೆರೆ ಗಿಡ್ಡವಾಗಿ, ಸುರುಸುರು ಬತ್ತಿ ಹಚ್ಚಿದ ಹಾಗೆ ಕವಲಿನ ಮೇಲೆ ಕವಲು ಸಿಡಿಯುತ್ತದೆ. ಎರಕದ ಕಬ್ಬಿಣದ್ದು ಮಂಕು ಕೆಂಪು, ಗಿಡ್ಡ. ಗಂಧಕ ಬೆರೆಸಿದ ಜಾತಿಯನ್ನು ಮಾತ್ರ ಕಿಡಿ ನೋಡಿ ನಂಬಿಕೆಯಿಂದ ಹೇಳಲಾಗದು, ಅದಕ್ಕೇ ಕೇಳಿ ತರಬೇಕು ಅಂದದ್ದು.

ಅರ ಹಾಕಿ ನೋಡಿದರೆ ಸಾಕು ಅನ್ನುವವರಿದ್ದಾರೆ. ಅರ ಜಾರಿದರೆ ಗಡುಸು ಮಾಡಿದ ಸ್ಟೀಲು ಅಂತ ಗೊತ್ತಾಗುತ್ತದೆ, ನಿಜ. ಆದರೆ ಗಡುಸು ಮಾಡದ ಇಎನ್ 8ರ ಮೇಲೂ ಅರ ಚೆನ್ನಾಗಿಯೇ ಹಿಡಿಯುತ್ತದೆ. ಮ್ಯಾಗ್ನೆಟ್ಟಿನ ಕಥೆಯೂ ಅಷ್ಟೇ. ಅಂಟದಿದ್ದರೆ 304 ಗ್ರೇಡಿನ ಥರದ ಸ್ಟೇನ್‌ಲೆಸ್ ಇರಬಹುದು, ಅಂಟಿದ ಮಾತ್ರಕ್ಕೆ ಸ್ಟೇನ್‌ಲೆಸ್ ಅಲ್ಲ ಅನ್ನುವಂತಿಲ್ಲ. 430 ಸ್ಟೇನ್‌ಲೆಸ್ಸಿಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ.

ಏನು ಮಾಡಿದರೂ ಜಾತಿ ಗೊತ್ತಾಗದ ತುಂಡನ್ನು ಗಾಡಿ ಎತ್ತಿ ನಿಲ್ಲಿಸುವ ಸ್ಟ್ಯಾಂಡಿಗೆ, ಭಾರ ಎತ್ತುವ ಕೊಕ್ಕೆಗೆ, ಮಕ್ಕಳ ಉಯ್ಯಾಲೆಗೆ ಬಳಸಲೇಬೇಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಪ್ರಶ್ನೆ: ಜಿಐ (ಸತುವಿನ ಲೇಪ ಇರುವ) ಪೈಪಿನ ತುಂಡುಗಳು ತುಂಬಾ ಸಿಗುತ್ತಿವೆ. ವೆಲ್ಡ್ ಮಾಡಬಹುದಾ? ಹಾಲು ಕುಡಿದು ಮಾಡಿದರೆ ಏನೂ ಆಗಲ್ಲ ಅಂತಾರೆ.

ಉತ್ತರ: ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲ. ಸತು ಸುಮಾರು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಸ್ಟೀಲು ಕರಗಲು 1,400 ದಾಟಬೇಕು. ಹಾಗಾಗಿ ವೆಲ್ಡ್ ಶುರುವಾಗುವ ಹೊತ್ತಿಗೆ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಓಡಿ.

ಮಾಡಲೇಬೇಕಿದ್ದರೆ ಜಾಯಿಂಟಿನ ಎರಡೂ ಕಡೆ ಕನಿಷ್ಠ 25 ಮಿ.ಮೀ. ಸತುವನ್ನು ಗ್ರೈಂಡರಿಗೆ ಹಾಕುವ ಫ್ಲ್ಯಾಪ್ ಡಿಸ್ಕಿನಲ್ಲಿ (ಉಜ್ಜು ಕಾಗದದ ಪಟ್ಟಿಗಳ ಚಕ್ರ) ಉಜ್ಜಿ ತೆಗೆಯಿರಿ. ಪೈಪಿನ ಒಳಗೂ ಸತು ಇರುತ್ತದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಬಯಲಿನಲ್ಲಿ, ಗಾಳಿ ಹೊಗೆಯನ್ನು ನಿಮ್ಮ ಮುಖದಿಂದ ಆಚೆ ಒಯ್ಯುವ ಹಾಗೆ ನಿಂತು, ಲೋಹದ ಹೊಗೆಗೆಂದೇ ಮಾಡಿದ ರೆಸ್ಪಿರೇಟರ್ ಹಾಕಿಕೊಂಡು ಮಾಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಚಿನ್ನದ ಬಣ್ಣದ ಲೇಪ ಇರುವ ಹಳೆ ಬೋಲ್ಟು, ಬ್ರಾಕೆಟ್ಟು ಸಿಕ್ಕರೆ ಅದರ ತಂಟೆಗೇ ಹೋಗಬೇಡಿ. ಅದು ಸತುವೂ ಇರಬಹುದು, ಕ್ಯಾಡ್ಮಿಯಂ ಕೂಡ ಇರಬಹುದು, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಕ್ಯಾಡ್ಮಿಯಂ ಹೊಗೆ ಜೀವ ತೆಗೆಯಬಲ್ಲದು. ಎಣ್ಣೆ ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸುವುದೂ ಅಪಾಯ, ವೆಲ್ಡಿಂಗ್ ಬೆಳಕು ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸೋಪು ನೀರು ಹಾಕಿ ತೊಳೆದು ಒಣಗಿಸಿದರೆ ಸಾಕು.

ಪ್ರಶ್ನೆ: ಖಾಲಿ ಡ್ರಮ್ ಅಗ್ಗಕ್ಕೆ ಬಂತು. ಕತ್ತರಿಸಿ ಶೀಟ್ ತೆಗೆಯೋಣ ಅಂತಿದ್ದೇನೆ.

ಉತ್ತರ: ಬೇಡ. ತೊಳೆದರೂ ಮಡಿಕೆಗಳಲ್ಲಿ ಉಳಿದ ಚೂರು ಎಣ್ಣೆಯೋ ಥಿನ್ನರೋ ಬಿಸಿಗೆ ಆವಿಯಾಗಿ ಸಿಡಿಯುತ್ತದೆ. ಶೀಟು ಬೇಕಾದರೆ ಶೀಟಿನ ತುಂಡೇ ಕೊಳ್ಳಿ.

ಪ್ರಶ್ನೆ: ಲೇಸರ್ ಕಟಿಂಗ್ ಮಾಡುವಲ್ಲಿ ತೂತು ತೂತಾದ ಶೀಟುಗಳು ಉಳಿಯುತ್ತವೆ. ಅವುಗಳಿಂದ ಉಪಯೋಗ ಇದೆಯಾ?

ಉತ್ತರ: ಜಾಲರಿ ಥರ ಉಳಿದದ್ದರಿಂದ ಅಷ್ಟಕ್ಕಷ್ಟೇ. ಸಾಗಿಸೋದು ಕಷ್ಟ, ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಅದರ ಬದಲು ತೂತಿನಿಂದ ಬಿದ್ದ ಬಿಲ್ಲೆಗಳನ್ನು ಕೇಳಿ. 6, 8, 10 ಮಿ.ಮೀ. ದಪ್ಪದ ದುಂಡು, ಚೌಕ ಬಿಲ್ಲೆಗಳು ಸ್ಟ್ಯಾಂಡಿನ ಪಾದಕ್ಕೆ, ಮೂಲೆಗೆ ಆಧಾರ ಕೊಡೋಕೆ ಹೇಳಿ ಮಾಡಿಸಿದಂತಿರುತ್ತವೆ. ಆಕ್ಸಿಜನ್ ಬಳಸಿ ಕತ್ತರಿಸಿದ ಅಂಚಿನ ಮೇಲೆ ಬೂದು ಪದರ ಕೂತಿರುತ್ತದೆ. ಅದನ್ನು ಉಜ್ಜದೆ ಪೇಂಟ್ ಹೊಡೆದರೆ ಅಂಚಿನಿಂದಲೇ ಸಿಪ್ಪೆ ಏಳುತ್ತದೆ.

ಪ್ರಶ್ನೆ: ನಮ್ಮ ಯಜಮಾನರು "ಯಾವತ್ತಾದರೂ ಬೇಕಾಗುತ್ತೆ" ಅಂತ ತಂದು ರಾಶಿ ಹಾಕಿದ್ದಾರೆ. ಬೈಕು ನಿಲ್ಲಿಸೋಕೂ ಜಾಗ ಇಲ್ಲ. ನೀವಾದರೂ ಹೇಳಿ.

ಉತ್ತರ: ಅವರು ಈ ಪುಟ ಓದುತ್ತಾರೆ ಅಂದುಕೊಂಡು ಹೇಳುತ್ತೇನೆ ಮೇಡಂ. ಅಗ್ಗ ಅಂತ ತಂದದ್ದೆಲ್ಲ ಉಳಿತಾಯ ಅಲ್ಲ, ಮುಂದಿನ ಎರಡು ಕೆಲಸಕ್ಕೆ ಬೇಕಾದಷ್ಟು ಇದ್ದರೆ ಸಾಕು. 150 ಮಿ.ಮೀ.ಗಿಂತ ಗಿಡ್ಡ ಪೈಪು ಇದ್ದರೆ ಗುಜರಿಗೆ ಹಾಕಿ. ದಪ್ಪ ಪ್ಲೇಟು, ಗಟ್ಟಿ ರಾಡು ಎಷ್ಟೇ ಚಿಕ್ಕದಿದ್ದರೂ ಇರಲಿ, ಅವು ನಿಜವಾಗಲೂ ಬೇಕಾಗುತ್ತವೆ (ಇಷ್ಟು ಅವರ ಪರ ಹೇಳಲೇಬೇಕು). ಉಳಿದದ್ದಕ್ಕೆ ಪೇಂಟ್ ಮಾರ್ಕರಿನಲ್ಲಿ ಅಳತೆ, ಗ್ರೇಡ್ ಬರೆದು, ನೆಲ ತಾಕದಂತೆ ಗೋಡೆಯ ಬ್ರಾಕೆಟ್ಟಿನ ಮೇಲೆ ಅಡ್ಡಡ್ಡ ಜೋಡಿಸಲಿ, ಒಂದು ಕೈ ಎಣ್ಣೆ ಸವರಲಿ. ಗೋಡೆಗೆ ಒರಗಿಸಿ ನಿಲ್ಲಿಸುವುದಂತೂ ಬೇಡ, ಮನೆಯಲ್ಲಿ ಮಕ್ಕಳಿದ್ದರೆ ಅದು ಯಾವಾಗ ಜಾರಿ ಬೀಳುತ್ತದೋ ಹೇಳಲಾಗದು. ಆ ಬ್ರಾಕೆಟ್ಟನ್ನು ರಾಶಿಯಲ್ಲಿರುವ ಆಂಗಲ್ಲಿನಿಂದಲೇ ಮಾಡಬೇಕು, ಹೊಸದು ತರುವಂತಿಲ್ಲ ಅಂತ ಹೇಳಿಬಿಡಿ.