ಹಸಿರು ಕಣ್ಣಿಗೆ ಹೊಡೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಆಷಾಢದಲ್ಲಿ ಕುಂದಾದ್ರಿ ಬೆಟ್ಟಕ್ಕೆ ಹೋಗಿ ಮಂಜಿನ ಫೋಟೊ ತೆಗೆದೆ. ಹಳೆಯ ಆಲ್ಬಮ್‌ನ ಫೋಟೊಗಳ ಹಾಗೆ ಮೆತ್ತಗೆ, ಮಂಕಾಗಿ ಕಾಣಬೇಕು ಅಂತ ಆಸೆ. ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಕಾಂಟ್ರಾಸ್ಟ್ (ಬೆಳಕು ನೆರಳಿನ ಅಂತರ), ಸ್ಯಾಚುರೇಶನ್ (ಬಣ್ಣದ ತೀವ್ರತೆ) ಎರಡನ್ನೂ ಕೆಳಗೆ ಎಳೆದೆ. ಫೋಟೊ ಬೂದಿ ಬಳಿದ ಹಾಗಾಯಿತು, ಹಸಿರು ಮಾತ್ರ ಇನ್ನೂ ಕಣ್ಣಿಗೆ ಹೊಡೆಯುತ್ತಿದೆ. ಎಲ್ಲಿ ತಪ್ಪಿದೆ?
ತೀರ್ಥಹಳ್ಳಿಯ ಓದುಗರು

ಉತ್ತರ: ಸ್ಯಾಚುರೇಶನ್ ಎಳೆದಲ್ಲೇ ತಪ್ಪಿತು. ಅದು ಎಲ್ಲ ಬಣ್ಣವನ್ನೂ ಒಂದೇ ಕೋಲಿನಲ್ಲಿ ಅಳೆಯುತ್ತದೆ. ಬೆಟ್ಟದ ಮೇಲಿನ ಬಸದಿಯ ಕಲ್ಲಿನ ಬಣ್ಣ, ಜೊತೆಗಿದ್ದವರ ಮುಖದ ಬಣ್ಣ ಮೊದಲೇ ಕಡಿಮೆ ಇತ್ತು, ಅವು ಸತ್ತೇ ಹೋದವು. ಹಸಿರು ಬೇಕಾದಷ್ಟಿತ್ತು, ಅದು ಉಳಿಯಿತು.

ಬಣ್ಣವನ್ನು ಆಮೇಲೆ ನೋಡೋಣ, ಮೊದಲು ಕಪ್ಪನ್ನು ಹಿಡಿಯಿರಿ. ಮನೆಯಲ್ಲಿ ಹಳೆಯ ಕಲರ್ ಪ್ರಿಂಟ್ ಇದ್ದರೆ ತೆಗೆದು ನೋಡಿ. ಅದರಲ್ಲಿ ಅಪ್ಪಟ ಕಪ್ಪು ಉಳಿದಿರುವುದಿಲ್ಲ, ಅದು ಮಾಸಿ ಗಾಢ ಬೂದು ಆಗಿರುತ್ತದೆ. ನಿಮಗೆ ಬೇಕಾದ ಮೆತ್ತನೆ ನೋಟ ಬರುವುದು ಅಲ್ಲಿಂದಲೇ. ಟೋನ್ ಕರ್ವ್ ತೆರೆಯಿರಿ, ಕಪ್ಪಿನಿಂದ ಬಿಳಿಯ ತನಕದ ಬೆಳಕನ್ನು ತಿದ್ದುವ ಗೆರೆ ಅದು. ಎಡಗಡೆ ಕೆಳಮೂಲೆಯ ಚುಕ್ಕೆಯೇ ಕಪ್ಪು, 0ಯಿಂದ 255ರ ಲೆಕ್ಕದಲ್ಲಿ ಅದು 0. ಅದನ್ನು ನೇರ ಮೇಲಕ್ಕೆ 20 ಅಥವಾ 25ರ ತನಕ ಎತ್ತಿ. ಅಷ್ಟಕ್ಕೇ ಬಿಟ್ಟರೆ ಇಡೀ ಫೋಟೊ ಮೇಲೆ ತೆಳ್ಳಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ, ಅದಕ್ಕೆ ಸ್ವಲ್ಪ ಬಲಕ್ಕೆ ಇನ್ನೊಂದು ಚುಕ್ಕೆ ಇಟ್ಟು, ಗೆರೆ ಮತ್ತೆ ತನ್ನ ಹಳೇ ದಾರಿಗೆ ಸೇರುವ ಹಾಗೆ ಕೆಳಗೆ ಹಿಡಿಯಬೇಕು. ನಡುವಿನ ಬೆಳಕು ಅಲುಗಬಾರದು.

ಬಲಗಡೆಯ ಬಿಳಿ ಚುಕ್ಕೆಯನ್ನೂ 240ಕ್ಕೆ ಇಳಿಸಿ ಅಂತ ತುಂಬಾ ಜನ ಹೇಳುತ್ತಾರೆ. ಮಂಜಿನ ಫೋಟೊಗೆ ಬೇಡ. ಅಲ್ಲಿ ಬೆಳ್ಳಗಿರುವುದೇ ಮಂಜು ಅಲ್ವಾ? ಅದನ್ನು ಇಳಿಸಿದರೆ ಮಂಜು ಹೋಗಿ ಹೊಗೆಯಾಗುತ್ತದೆ. ಹೈಲೈಟ್ಸ್ (ಬೆಳ್ಳಗಿನ ಭಾಗಗಳ ಬೆಳಕು) ಚೂರು ಕಡಿಮೆ ಮಾಡಿ, ಸಾಕು. ಡಿಹೇಜ್ ಅನ್ನು ಮಾತ್ರ ಮೇಲಕ್ಕೆ ಎಳೆಯಲೇಬೇಡಿ. ಅದು ಇರುವುದೇ ಮಂಜನ್ನು ಕಿತ್ತು ಹಾಕಲಿಕ್ಕೆ.

ಈಗ ಹಸಿರು. ಒಂದೊಂದು ಬಣ್ಣವನ್ನೂ ಬೇರೆಯಾಗಿ ತಿದ್ದುವ ಕಲರ್ ಮಿಕ್ಸರ್‌ಗೆ ಹೋಗಿ ಮೊದಲು ಮುಟ್ಟಬೇಕಾದದ್ದು ಹಳದಿಯನ್ನು. ಆಶ್ಚರ್ಯ ಆಗಬಹುದು, ಆದರೆ ಗದ್ದೆಯ ಸಸಿ, ಬಾಳೆ ಎಲೆ, ಗೋಡೆಯ ಪಾಚಿ, ನಾವು ಹಸಿರು ಅಂತ ನೋಡುವ ಇವೆಲ್ಲದರಲ್ಲೂ ಹಳದಿಯ ಪಾಲು ಜಾಸ್ತಿ, ಸಾಫ್ಟ್‌ವೇರ್ ಅದನ್ನು ಹಳದಿಯ ಗುಂಪಿಗೇ ಹಾಕುತ್ತದೆ. ಹಸಿರು ಸ್ಲೈಡರ್ ಒಂದನ್ನೇ ಎಳೆದರೆ ಎಲೆ ಹಾಗೇ ಮಿಂಚುತ್ತಿರುವುದು ಇದಕ್ಕೇ. ಹಳದಿಯ ಸ್ಯಾಚುರೇಶನ್ 35ರಷ್ಟು ಇಳಿಸಿ, ಹಸಿರನ್ನು 25ರಷ್ಟು, ಆಮೇಲೆ ಎರಡರ ಲೂಮಿನನ್ಸ್ (ಹೊಳಪು) ಅನ್ನೂ ಸ್ವಲ್ಪ ಇಳಿಸಿ. ಎಲೆ ಮಳೆಯಲ್ಲಿ ತೊಯ್ದ ಎಲೆಯ ಹಾಗೆ ತೂಕವಾಗಿ ಕಾಣುತ್ತದೆ. ಹಸಿರನ್ನು ಕಿತ್ತಳೆ ಕಡೆ ತಳ್ಳುವ ರೆಡಿಮೇಡ್ ಪ್ರೀಸೆಟ್‌ಗಳು ಬೇಕಾದಷ್ಟು ಸಿಗುತ್ತವೆ, ನೋಡಲಿಕ್ಕೂ ಚೆಂದವೇ, ಆದರೆ ಆಷಾಢದ ಕುಂದಾದ್ರಿ ಅದರಲ್ಲಿ ಬೇಸಗೆಯ ಒಣ ಗುಡ್ಡವಾಗಿಬಿಡುತ್ತದೆ. ನನಗದು ಸಹಿಸುವುದಿಲ್ಲ.

ಇನ್ನೊಂದು ಮಾತು. ಜುಲೈನಲ್ಲಿ ಆಗುಂಬೆ ಘಾಟಿಯಲ್ಲಿ ನಿಂತು ನೋಡಿ, ನಿಮ್ಮ ನೆರಳೇ ಬೀಳುವುದಿಲ್ಲ. ಬೆಳಕೆಲ್ಲ ಮೋಡದಲ್ಲಿ ಸೋಸಿ ಬರುತ್ತದೆ. ಈ ಮೆತ್ತನೆ ಬೆಳಕನ್ನು ಮಲೆನಾಡಿನ ಮಳೆ ಸುಮ್ನೆ ಕೊಡುತ್ತಿದೆ, ಕೆಡಿಸುವುದು ಮೊಬೈಲ್. ಅದು ಜೆಪೆಗ್ (ಮಾಮೂಲಿ ಫೋಟೊ ಫೈಲ್) ಮಾಡುವಾಗ ತಾನೇ ಕಾಂಟ್ರಾಸ್ಟ್, ಶಾರ್ಪ್‌ನೆಸ್, ಬಣ್ಣ ಎಲ್ಲ ಏರಿಸಿರುತ್ತದೆ. ಆದಷ್ಟು ರಾ ಫೈಲ್‌ನಲ್ಲೇ, ಅಂದರೆ ಹೀಗೆ ಏರಿಸದ ಮೂಲ ಫೈಲ್‌ನಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16384. ಮೆಟ್ಟಿಲು ಕಡಿಮೆ ಇದ್ದಾಗ ಕರ್ವ್ ಎಳೆದಾಡಿದರೆ ಮಂಜಿನಲ್ಲಿ ಪಟ್ಟೆ ಪಟ್ಟೆ ಬೀಳುತ್ತದೆ. ನಿಮ್ಮದು ಈಗಾಗಲೇ ಜೆಪೆಗ್ ಆಗಿದ್ದರೆ ಚಿಂತೆ ಬೇಡ, ಕೊನೆಗೆ ಸ್ವಲ್ಪ ಗ್ರೇನ್ (ಫಿಲ್ಮಿನ ಹಾಗೆ ಸಣ್ಣ ಚುಕ್ಕೆ) ಹಾಕಿ, ಪಟ್ಟೆ ಬಹಳಷ್ಟು ಅಡಗುತ್ತದೆ.

ಪ್ರಶ್ನೆ: ತಂಗಿಯ ಮದುವೆ ಫೋಟೊಗಳಿಗೂ ಇದೇ ಮಂಕು ಲುಕ್ ಕೊಟ್ಟೆ. ತೋಟದ ಹಿನ್ನೆಲೆ ಚೆನ್ನಾಗಿ ಬಂತು. ಆದರೆ ಧಾರೆ ಸೀರೆಯ ಕೆಂಪು ಇಟ್ಟಿಗೆ ಬಣ್ಣವಾಯಿತು, ಅಮ್ಮನಿಗೆ ಬೇಜಾರು. ಆಲ್ಬಮ್‌ಗೆ ಹಾಗೇ ಕಳಿಸಲಾ?
ಸಾಗರದ ಓದುಗರು

ಉತ್ತರ: ಕಳಿಸಬೇಡಿ. ಅಮ್ಮನ ಕಣ್ಣು ಸರಿಯಾಗಿಯೇ ಇದೆ. ಕೆಂಪು, ಕಿತ್ತಳೆ ಎರಡನ್ನೂ ಮಿಕ್ಸರ್‌ನಲ್ಲಿ ಮೊದಲಿದ್ದ ಜಾಗಕ್ಕೇ ತನ್ನಿ, ಕೆಂಪು ಸೀರೆಯದು, ಕಿತ್ತಳೆ ಮುಖದ ಬಣ್ಣ. ಅಡಿಕೆ ತೋಟ ಮಂಕಾಗಿಯೇ ಇರಲಿ, ಆಗ ಸೀರೆ ಇನ್ನೂ ಎದ್ದು ಕಾಣುತ್ತದೆ. ಅರಿಶಿನದ ಫೋಟೊಗಳಲ್ಲಿ ಹಳದಿ ಇಳಿಸಿದರೆ ಅರಿಶಿನವೇ ಹೋಗುತ್ತದೆ, ಅಲ್ಲಿ ಜನರನ್ನು ಮಾಸ್ಕ್ ಮಾಡಿ (ಬೇರೆಯಾಗಿ ಗುರುತಿಸಿ) ಹಿನ್ನೆಲೆಗೆ ಮಾತ್ರ ಇಳಿಸಿ.

ಪ್ರಿಂಟ್‌ಗೆ ಬೇರೆಯೇ ಒಂದು ಪ್ರತಿ ಇಟ್ಟುಕೊಳ್ಳಿ. ಮ್ಯಾಟ್ ಕಾಗದದಲ್ಲಿ ಕಪ್ಪು ಮೊದಲೇ ಅಷ್ಟು ಗಾಢವಾಗಿ ಬರುವುದಿಲ್ಲ. ಅದರ ಮೇಲೆ ನೀವೂ ಕಪ್ಪನ್ನು ಎತ್ತಿದ್ದರೆ ಎರಡೂ ಸೇರಿ ಫೋಟೊ ಒದ್ದೆ ಗಾಜಿನಾಚೆ ಇದ್ದ ಹಾಗಾಗುತ್ತದೆ. ಅಣ್ಣನ ಮಗನ ಮುಂಜಿ ಆಲ್ಬಮ್‌ನಲ್ಲಿ ನನಗೆ ಹೀಗೇ ಆಗಿ, ಅಷ್ಟೂ ಪುಟ ಮತ್ತೆ ಪ್ರಿಂಟ್ ಮಾಡಿಸಬೇಕಾಯಿತು. ಟೋನ್ ಕರ್ವ್‌ನ ಆ ಕಪ್ಪು ಚುಕ್ಕೆಯನ್ನು 8 ಅಥವಾ 10ಕ್ಕೆ ಇಳಿಸಿ, ಧಾರೆಯದ್ದೇ ಒಂದು ಫೋಟೊ ಅದೇ ಕಾಗದದಲ್ಲಿ ತೆಗೆಸಿ, ಹಗಲು ಜಗಲಿಯಲ್ಲಿ ಕೂತು ಅಮ್ಮನ ಕೈಗೆ ಕೊಡಿ. ಅವರು ಹೂಂ ಅಂದ ಮೇಲೆ ಉಳಿದದ್ದನ್ನು ಕಳಿಸಿ.